ಹೆಲ್ಮೆಟ್‌ಗೆ ಹೆಲ್ಮೆಟ್ ತಾಗದ ನಾಲ್ಕು ವರ್ಷ: ಕ್ಲಚ್ ಇಲ್ಲದ ಆಫ್ರಿಕಾ ಟ್ವಿನ್ ಜೊತೆ ಉಡುಪಿಯಲ್ಲಿ

ನಮ್ಮ ಮನೆಯ ಗೇಟಿನಿಂದಲೇ ಶುರು ಮಾಡುತ್ತೇನೆ. ಈ ಗಾಡಿ ನನಗೆ ಬೇಡವೇ ಬೇಡ, ಮಾರಿಬಿಡಬೇಕು ಅಂತ ಅನಿಸಿದ್ದು ಆ ಗೇಟಿನಲ್ಲೇ.

ಮನೆ ಇರುವುದು ಅಲೆವೂರಿನ ಕಡೆ. ರಸ್ತೆಯಿಂದ ಇಳಿದರೆ ಇಳಿಜಾರಿನ ಓಣಿ. ಎರಡೂ ಕಡೆ ಕೆಂಪುಕಲ್ಲಿನ ಕಂಪೌಂಡು. ಓಣಿ ಮುಗಿಯುವಲ್ಲಿ ಎಡಕ್ಕೆ ಪೂರ್ತಿ ತಿರುಗಿದರೆ ನಮ್ಮ ಅಂಗಳ. ಹಳೆಯ ಬೈಕಿನಲ್ಲಿ ಆ ತಿರುವನ್ನು ಇಪ್ಪತ್ತು ವರ್ಷ ಯೋಚನೆಯೇ ಮಾಡದೆ ತೆಗೆದಿದ್ದೇನೆ. ಅರ್ಧ ಕ್ಲಚ್ ಹಿಡಿದು, ಚೂರು ಚೂರೇ ಬಿಡುತ್ತಾ, ನಡೆಯುವ ವೇಗದಲ್ಲಿ. ಈ ಗಾಡಿಯಲ್ಲಿ ಆ ಅರ್ಧ ಕ್ಲಚ್ಚೇ ಇಲ್ಲ.

ನನ್ನದು ಹೋಂಡಾ ಆಫ್ರಿಕಾ ಟ್ವಿನ್, 2018ರ ಮಾಡೆಲ್, ಡಿಸಿಟಿ. ಅಂದರೆ ಕ್ಲಚ್ಚೂ ಗೇರೂ ಗಾಡಿಯೇ ನೋಡಿಕೊಳ್ಳುವ ಆಟೊಮ್ಯಾಟಿಕ್. ಹಳೆಯ 998 ಸಿಸಿಯದ್ದು. 2021ರ ನವೆಂಬರಿನಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದೆ. ಆಗ 11 ಸಾವಿರ ಕಿಲೋಮೀಟರ್ ಓಡಿತ್ತು, ಈಗ 43 ಸಾವಿರ ದಾಟಿದೆ. ಹೊಸದಿದ್ದಾಗ ಶೋರೂಮ್ ಬೆಲೆಯೇ 13 ಲಕ್ಷದ ಹತ್ತಿರ ಇತ್ತು. ಕರ್ನಾಟಕದಲ್ಲಿ ಲಕ್ಷ ದಾಟಿದ ಬೈಕಿಗೆ ಶೇಕಡ 18 ರಸ್ತೆ ತೆರಿಗೆ ಬೇರೆ. ಉಡುಪಿಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುವವನಿಗೆ ಹೊಸ ಗಾಡಿಯ ಲೆಕ್ಕ ಕೂಡಿಬರುವುದಿಲ್ಲ. 9 ಲಕ್ಷದ 80 ಸಾವಿರಕ್ಕೆ ನಮ್ಮ ರಾಜ್ಯದ ನಂಬರಿನದ್ದೇ ಸಿಕ್ಕಿತು, ಮತ್ತೆ ತೆರಿಗೆ ಕಟ್ಟುವ ತಾಪತ್ರಯ ಇರಲಿಲ್ಲ. ಆಟೊಮ್ಯಾಟಿಕ್ಕೇ ಬೇಕು ಅಂತ ಹುಡುಕಿದ್ದಲ್ಲ. ಭಾರತಕ್ಕೆ 2017ರಲ್ಲಿ ಬಂದ ಆಫ್ರಿಕಾ ಟ್ವಿನ್ ಡಿಸಿಟಿಯಲ್ಲಿ ಮಾತ್ರ ಇತ್ತು. ಗಾಡಿ ಬೇಕಾದರೆ ಗೇರೂ ಅದೇ.

ಮೊದಲ ತಿಂಗಳು ಎಡಗೈ ಸುಮ್ನೆ ಗಾಳಿ ಹಿಡಿಯುತ್ತಿತ್ತು. ಪ್ರತಿ ಹಂಪ್‌ಗೂ ಬೆರಳು ಕ್ಲಚ್ ಹುಡುಕುತ್ತಿತ್ತು. ಅಲ್ಲಿ ಇರುವುದು ಪಾರ್ಕಿಂಗ್ ಬ್ರೇಕಿನ ಲಿವರ್. ಗೇರಿನ ಪೆಡಲ್ ಇಲ್ಲದೆ ಎಡಗಾಲೂ ಹಾಗೇ ತಡಕಾಡುತ್ತಿತ್ತು. ಇವೆಲ್ಲ ಹದಿನೈದು ದಿನದಲ್ಲಿ ಸರಿಹೋಗುವ ವಿಷಯ. ಸರಿಹೋಗದೆ ಉಳಿದದ್ದು ಆ ಗೇಟು.

ನಡೆಯುವ ವೇಗಕ್ಕೆ ಇಳಿದಾಗ ಎಕ್ಸಿಲೇಟರ್ ಪೂರ್ತಿ ಬಿಟ್ಟರೆ ಗಾಡಿ ತಾನೇ ಕ್ಲಚ್ ಬಿಡಿಸಿಕೊಳ್ಳುತ್ತದೆ. ಮತ್ತೆ ಕೊಟ್ಟರೆ ತಾನೇ ಹಿಡಿಯುತ್ತದೆ. ಈ ಬಿಡುವುದು ಹಿಡಿಯುವುದರ ನಡುವೆ ಒಂದು ಕ್ಷಣ ಗಾಡಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ನೇರ ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಇಳಿಜಾರಿನಲ್ಲಿ, 245 ಕಿಲೋ ಇಟ್ಟುಕೊಂಡು ನಿಂತಾಗ ಚೆನ್ನಾಗಿ ಗೊತ್ತಾಗುತ್ತದೆ.

ಏಳು ತಿಂಗಳು ಹೇಗೋ ಸಂಭಾಳಿಸಿದೆ. 2022ರ ಜೂನ್, ಮಳೆ ಹಿಡಿದು ವಾರವಾಗಿತ್ತು. ಓಣಿಯ ಕಲ್ಲಿನ ಮೇಲೆ ಪಾಚಿ. ಗೇಟಿನ ಹತ್ತಿರ ತಿರುಗಿಸುವಾಗ ಹೆದರಿ ಎಕ್ಸಿಲೇಟರ್ ಬಿಟ್ಟೆ, ಗಾಡಿ ವಾಲಿತು, ಮತ್ತೆ ಕೊಟ್ಟೆ, ಅದು ಮುಂದೆ ನೆಗೆಯಿತು. ಕಾಲು ಕೊಟ್ಟಲ್ಲಿ ಪಾಚಿ. ಗಾಡಿ ಕಂಪೌಂಡಿಗೆ ಒರಗಿ ಕೆಳಗೆ ಹೋಯಿತು. ಎತ್ತಲು ಪಕ್ಕದ ಮನೆಯ ಇಬ್ಬರು ಹುಡುಗರು ಬರಬೇಕಾಯಿತು. ನನಗೆ ಏನೂ ಆಗಲಿಲ್ಲ, ಗಾಡಿಗೂ ಗೀರು ಬಿದ್ದದ್ದು ಬಿಟ್ಟರೆ ಏನಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಐವತ್ತೆರಡು ವರ್ಷದವನು, ಸ್ವಂತ ಮನೆಯ ಗೇಟಿನಲ್ಲಿ ಬಿದ್ದೆನಲ್ಲ ಅಂತ ತುಂಬಾ ಬೇಜಾರಾಗಿತ್ತು. ಬೆಂಗಳೂರಿನ ಒಬ್ಬರ ಹತ್ತಿರ ಮಾರುವ ಮಾತನ್ನೂ ಆಡಿದೆ.

ನನ್ನನ್ನು ಉಳಿಸಿದ್ದು ಬ್ರಹ್ಮಾವರದ ಸ್ನೇಹಿತರ ಒಂದು ಮಾತು. ‘ಎಕ್ಸಿಲೇಟರ್ ಬಿಡಲೇಬೇಡಿ ಮಾರಾಯ್ರೆ. ಸ್ವಲ್ಪ ಕೊಟ್ಟೇ ಇಟ್ಟು, ಹಿಂದಿನ ಬ್ರೇಕನ್ನು ಬಲಗಾಲಲ್ಲಿ ಒತ್ತಿ ಹಿಡೀರಿ. ನಿಮ್ಮ ಅರ್ಧ ಕ್ಲಚ್ ಇನ್ನು ಆ ಪೆಡಲ್ಲೇ.’ ಮಳೆ ಬಿಟ್ಟ ಭಾನುವಾರಗಳಲ್ಲಿ ಬೆಳಿಗ್ಗೆ ಆರೂವರೆಗೆ ಬೀಡಿನಗುಡ್ಡೆ ಮೈದಾನಕ್ಕೆ ಹೋದೆ. ಮನೆಯಿಂದ ತೆಂಗಿನ ಗೆರಟೆ ತೆಗೆದುಕೊಂಡು ಹೋಗಿ ನೆಲದಲ್ಲಿ ಸಾಲಾಗಿ ಇಟ್ಟು ಎಂಟರ ಆಕಾರದಲ್ಲಿ ಸುತ್ತಿದೆ. ಮೊದಲ ದಿನ ಗೆರಟೆಗಳೆಲ್ಲ ಪುಡಿ. ನಾಲ್ಕನೇ ಭಾನುವಾರ ಒಂದೂ ಒಡೆಯಲಿಲ್ಲ. ಬಲಗಾಲಿನ ಹೆಬ್ಬೆರಳಿನಲ್ಲಿ ಇಷ್ಟು ನಾಜೂಕು ಇದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಗೇಟಿನ ಸಮಸ್ಯೆ ಮುಗಿಯಿತು. ಆದರೂ ಮನಸ್ಸು ಪೂರ್ತಿ ತಿರುಗಿರಲಿಲ್ಲ. ಅದನ್ನು ತಿರುಗಿಸಿದವಳು ನನ್ನ ಹೆಂಡತಿ.

ಅವಳ ತವರು ತೀರ್ಥಹಳ್ಳಿ. ಮದುವೆಯಾದ ಹೊಸತರಲ್ಲಿ ಬೈಕಿನಲ್ಲೇ ಹೋಗುತ್ತಿದ್ದೆವು. ಆಮೇಲೆ ಅವಳಿಗೆ ಕುತ್ತಿಗೆ ನೋವು ಶುರುವಾಯಿತು. ಹಿಂದೆ ಕೂತು ಅಭ್ಯಾಸ ಇರುವವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಗೇರ್ ಬದಲಿಸಲು ಓಡಿಸುವವನು ಎಕ್ಸಿಲೇಟರ್ ಬಿಡುತ್ತಾನೆ, ಹಿಂದಿನವರ ತಲೆ ಮುಂದೆ ಬರುತ್ತದೆ, ಹೆಲ್ಮೆಟ್‌ಗೆ ಹೆಲ್ಮೆಟ್ ‘ಟಕ್’. ಮತ್ತೆ ಕೊಡುತ್ತಾನೆ, ತಲೆ ಹಿಂದೆ. ಘಾಟಿಯಲ್ಲಿ ಇದು ನೂರಾರು ಸಲ. ಅವಳ ಹಳೆಯ ಹೆಲ್ಮೆಟ್ಟಿನ ಹಣೆಯ ಜಾಗದಲ್ಲಿ ನನ್ನ ಹೆಲ್ಮೆಟ್ಟಿನ ನೀಲಿ ಬಣ್ಣ ಹತ್ತಿಕೊಂಡಿದೆ. ಬೈಕು ಬೇಡ ಅಂತ ಅವಳು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಮೆಲ್ಲಗೆ ಬಸ್ಸಿಗೆ ಹೋಗಲು ಶುರು ಮಾಡಿದಳು. ನಾನೂ ಕೇಳಲಿಲ್ಲ. ಈಗ ಯೋಚಿಸಿದರೆ ಕೇಳಬೇಕಿತ್ತು.

2022ರ ಡಿಸೆಂಬರಿನಲ್ಲಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ. ಬಸ್ಸುಗಳಲ್ಲಿ ಕಾಲಿಡಲು ಜಾಗ ಇಲ್ಲ. ‘ಒಂದು ಸಲ ಬಂದು ನೋಡು, ಆಗದಿದ್ದರೆ ಹೆಬ್ರಿಯಿಂದ ವಾಪಸ್ ಬರುವ’ ಅಂದೆ. ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ. ಅವಳು ಏನೂ ಹೇಳಲಿಲ್ಲ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿದೆವು. 14 ತಿರುವು. ಮೇಲಿನಿಂದ ಮಿನಿ ಬಸ್ಸು ಬಂದರೆ ತಿರುವಿನಲ್ಲೇ ಹೆಚ್ಚುಕಮ್ಮಿ ನಿಂತು ದಾರಿ ಬಿಡಬೇಕು. ಬೀಡಿನಗುಡ್ಡೆಯ ಗೆರಟೆ ಪಾಠ ಕೆಲಸಕ್ಕೆ ಬಂದದ್ದು ಅಲ್ಲಿ. ಬಲಗಾಲು ಬ್ರೇಕಿನ ಮೇಲೆ, ಎಕ್ಸಿಲೇಟರ್ ಚೂರು ಕೊಟ್ಟೇ, ಕಾಲು ನೆಲಕ್ಕೆ ತಾಗಿಸದೆ ಎಲ್ಲ ತಿರುವೂ ಹತ್ತಿದೆ.

ಆಗುಂಬೆಯಲ್ಲಿ ಚಾ ಕುಡಿಯಲು ನಿಂತೆವು. ಅವಳು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದಳು, ‘ಎಂಥ ಮಾರಾಯ್ರೆ, ಇವತ್ತು ಒಂದು ಸಲವೂ ತಾಗಲಿಲ್ಲ ಅಲ್ವಾ?’

ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಒಂದು ವರ್ಷ ನನ್ನ ಎಡಗೈ, ನನ್ನ ಗೇಟು, ನನ್ನ ಕಷ್ಟ ಅಂತಲೇ ಈ ಗಾಡಿಯನ್ನು ಅಳೆದಿದ್ದೆ. ಇದರ ದೊಡ್ಡ ಲಾಭ ಸಿಗುವುದು ಹಿಂದಿನ ಸೀಟಿಗೆ.

ಕಾರಣ ಸರಳ. ಡಿಸಿಟಿಯಲ್ಲಿ ಕ್ಲಚ್ ಎರಡು. 1, 3, 5ನೇ ಗೇರಿಗೆ ಒಂದು, 2, 4, 6ಕ್ಕೆ ಇನ್ನೊಂದು. ಎರಡನೇ ಗೇರಿನಲ್ಲಿ ಓಡುತ್ತಿರುವಾಗ ಮೂರನೆಯದ್ದು ಆಗಲೇ ಕೂತು ಕಾಯುತ್ತಿರುತ್ತದೆ. ಒಂದು ಕ್ಲಚ್ ಬಿಡುವಾಗಲೇ ಇನ್ನೊಂದು ಹಿಡಿಯುತ್ತದೆ. ಬಾವಿಯಿಂದ ನೀರು ಸೇದುವಾಗ ಒಂದು ಕೈ ಹಗ್ಗ ಬಿಡುವ ಮೊದಲೇ ಇನ್ನೊಂದು ಕೈ ಹಿಡಿದಿರುತ್ತದಲ್ಲ, ಹಾಗೆ. ಕೊಡಪಾನ ಒಂದು ಇಂಚೂ ಜಾರುವುದಿಲ್ಲ. ಎಂಜಿನ್ನಿನ ಎಳೆತ ನಡುವೆ ಕಡಿಯದ ಕಾರಣ ಹಿಂದೆ ಕೂತವರ ತಲೆ ಅಲ್ಲಾಡುವುದಿಲ್ಲ. ಹೋಂಡಾ ಇದನ್ನು ಬೈಕಿಗೆ ಮೊದಲು ಹಾಕಿದ್ದು 2010ರಲ್ಲಿ, ವಿಎಫ್‌ಆರ್ 1200 ಎಫ್ ಅನ್ನುವ ಸ್ಪೋರ್ಟ್ ಟೂರಿಂಗ್ ಗಾಡಿಗೆ. ಇಬ್ಬರು ಕೂತು ದೂರ ಹೋಗುವ ಗಾಡಿಯಿಂದಲೇ ಶುರು ಮಾಡಿದ್ದು ಯಾಕೆ ಅಂತ ನನಗೆ ಆಗುಂಬೆಯಲ್ಲಿ ಅರ್ಥವಾಯಿತು.

ಘಾಟಿ ಇಳಿಯುವಾಗ ಮಾತ್ರ ಗಾಡಿಯನ್ನೇ ನಂಬಬೇಡಿ. ಸಾಮಾನ್ಯ ಓಡಾಟದ ಡಿ ಮೋಡಿನಲ್ಲಿ ಅದು ಪೆಟ್ರೋಲ್ ಉಳಿಸುವ ಆತುರದಲ್ಲಿ ಬೇಗ ಬೇಗ ಮೇಲಿನ ಗೇರಿಗೆ ಹೋಗುತ್ತದೆ. ಇಳಿಜಾರಿನಲ್ಲಿ ನಮಗೆ ಬೇಕಾದದ್ದು ಎಂಜಿನ್ ಹಿಡಿತ. ನಾನು ಎಸ್ (ಸ್ಪೋರ್ಟ್) ಮೋಡಿಗೆ ಹಾಕಿ, ಪ್ರತಿ ತಿರುವಿಗೆ ಮೊದಲು ಎಡ ಹೆಬ್ಬೆರಳಿನ ಮೈನಸ್ ಬಟನ್ ಒತ್ತಿ ಎರಡನೇ ಗೇರಿಗೆ ಇಳಿಸುತ್ತೇನೆ. ಆಗಲೂ ಹೆಲ್ಮೆಟ್ ತಾಗುವುದಿಲ್ಲ. ಆ ಜಾತ್ರೆಯಿಂದ ಬರುವಾಗ ಅತ್ತೆ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಹಿಂದಿನ ಬಾಕ್ಸಿನಲ್ಲಿತ್ತು. ಬಾಯಿಗೆ ಬಟ್ಟೆ ಕಟ್ಟಿದ್ದು ಅಷ್ಟೇ. ಮನೆಗೆ ಬಂದು ನೋಡಿದರೆ ಬಟ್ಟೆ ಒದ್ದೆಯಾಗಿರಲಿಲ್ಲ. ಈಗ ವರ್ಷಕ್ಕೆ ಏಳೆಂಟು ಸಲ ಒಟ್ಟಿಗೆ ಹೋಗುತ್ತೇವೆ.

ವಾರಕ್ಕೊಮ್ಮೆ ಪ್ರೆಸ್ಸಿಗೆ ಪೇಪರ್ ತರಲು ಮಂಗಳೂರಿಗೆ ಹೋಗುವುದು ನನ್ನೊಬ್ಬನ ಸವಾರಿ. ಹೆದ್ದಾರಿ 66ರಲ್ಲಿ 80ರ ವೇಗದಲ್ಲಿ ಲೀಟರಿಗೆ 21 ಕಿಲೋಮೀಟರ್ ಸಿಗುತ್ತದೆ. ಊರೊಳಗೆ 16, 17. ಹೆದ್ದಾರಿಯಲ್ಲಿ ಕಿಲೋಮೀಟರಿಗೆ ಹೆಚ್ಚುಕಡಿಮೆ 5 ರೂಪಾಯಿ ಅಂತ ಇಟ್ಟುಕೊಳ್ಳಿ. ಕೂಳೂರು ಸೇತುವೆಯ ಕ್ಯೂ, ನಂತೂರು ಸರ್ಕಲ್, ಹಂಪನಕಟ್ಟೆ, ಎಲ್ಲ ಕಡೆ ಎಡಗೈ ಆರಾಮ. ಮೂವತ್ತು ವರ್ಷ ಕ್ಲಚ್ ಹಿಡಿದ ಮಣಿಕಟ್ಟು ಈಗ ಸಂಜೆ ಹೊತ್ತಿಗೆ ನೋಯುವುದಿಲ್ಲ. ನಿಂತು ನಿಂತು ಹೋಗುವಾಗ ಎಂಜಿನ್ನಿನ ಬಿಸಿ ಮಾತ್ರ ತೊಡೆಗೆ ಬಡಿಯುತ್ತದೆ, ಅದಕ್ಕೆ ಮದ್ದಿಲ್ಲ.

ಮಂಗಳೂರಿನಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ ಸಮತಟ್ಟು ರಸ್ತೆಯೇ ಕಡಿಮೆ. ಈ ಗಾಡಿ ಆಫ್ ಮಾಡಿದ ಕೂಡಲೇ ನ್ಯೂಟ್ರಲ್‌ಗೆ ಬರುತ್ತದೆ, ಗೇರಿನಲ್ಲಿ ನಿಲ್ಲಿಸುವ ಹಾಗಿಲ್ಲ. ಬಲ್ಮಠದ ಏರಿನಲ್ಲಿ ಪಾರ್ಕಿಂಗ್ ಬ್ರೇಕ್ ಮರೆತರೆ ಸೈಡ್ ಸ್ಟ್ಯಾಂಡಿನಿಂದಲೇ ಜಾರುತ್ತದೆ. ಆಫ್ ಮಾಡುವ ಮೊದಲು ಬ್ರೇಕ್ ಎಳೆಯುವುದು, ಆಮೇಲೆ ಕೀ. ಇದೇ ಕ್ರಮ, ಮನೆಯ ಅಂಗಳದಲ್ಲೂ ಬಿಡುವುದಿಲ್ಲ.

ಶನಿವಾರ ಸಂಜೆ ಅಂಗಳದಲ್ಲಿ ಒಂದು ಗಂಟೆ ಗಾಡಿಗೆ ಮೀಸಲು. ಸೆಂಟರ್ ಸ್ಟ್ಯಾಂಡ್ ನಾನು ಬೇರೆ ಹಾಕಿಸಿದ್ದು, ಗಾಡಿ ಜೊತೆ ಬಂದದ್ದಲ್ಲ. ಹಳೆಯ ಬನಿಯನ್ ತುಂಡಿಗೆ ಸೀಮೆಎಣ್ಣೆ ಹಾಕಿ ಚೈನು ಒರೆಸುತ್ತೇನೆ. ಆಮೇಲೆ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಾ ಕೊಂಡಿ ಕೊಂಡಿಗೆ ಒಂದೊಂದು ಹನಿ ಗೇರ್ ಆಯಿಲ್. ಚಕ್ರದ ಸದ್ದು ಬದಲಾಗುತ್ತಾ ಬರುತ್ತದೆ. ಮೊದಲು ‘ಕಿರ್ ಕಿರ್’, ಕೊನೆಗೆ ಬರೀ ಉಸಿರಿನ ಹಾಗೆ. ಚಕ್ರದ ಕಡ್ಡಿಗಳನ್ನೂ ಒಂದೊಂದಾಗಿ ಒರೆಸಲೇಬೇಕು. ನಮ್ಮ ಕಡೆಯ ಉಪ್ಪು ಗಾಳಿಗೆ ಕಡ್ಡಿಯ ಬುಡದಲ್ಲಿ ಕಿತ್ತಳೆ ಬಣ್ಣದ ತುಕ್ಕು ವಾರದಲ್ಲಿ ಕಾಣುತ್ತದೆ. ಮೀನಿನ ಲಾರಿಯ ಹಿಂದೆ ಬಂದ ದಿನ ಶನಿವಾರಕ್ಕೆ ಕಾಯಬೇಡಿ, ಮನೆಗೆ ಬಂದ ಕೂಡಲೇ ತೊಳೆಯಿರಿ. ಲಾರಿಯಿಂದ ಸೋರುವ ಆ ಉಪ್ಪು ನೀರು ರಸ್ತೆಗೂ ಕೆಟ್ಟದ್ದು, ಗಾಡಿಗೂ ಕೆಟ್ಟದ್ದು.

ಟೈರಿನಲ್ಲಿ ಟ್ಯೂಬ್ ಇರುವುದು ನನಗೆ ಇನ್ನೂ ಇಷ್ಟವಾಗದ ವಿಷಯ. ಪೆರ್ಡೂರಿನ ಹತ್ತಿರ ಒಮ್ಮೆ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತು. ಪಂಕ್ಚರ್ ಅಂಗಡಿಯವರು ಒಳ್ಳೆಯವರು. ‘ಇದಕ್ಕೆ ಕ್ಲಚ್ಚೂ ಇಲ್ವಾ!’ ಅಂತ ಸುತ್ತ ಒಂದು ಸಲ ನೋಡಿ, ಚಕ್ರ ಬಿಚ್ಚಿ ಹಾಕಲು ಒಂದೂವರೆ ಗಂಟೆ ಕಷ್ಟಪಟ್ಟರು. ಆಮೇಲೆ ಪೇಟೆಯ ಒಂದು ಅಂಗಡಿಯಲ್ಲಿ ಹೊಸ ಟ್ಯೂಬ್ ತೆಗೆದುಕೊಂಡೆ. ಅದು ವರ್ಷಗಟ್ಟಲೆ ಇಟ್ಟಿದ್ದ ಹಳೆಯ ಮಾಲು, ವಾಲ್ವಿನ ಬುಡದಲ್ಲಿ ಮೂರೇ ವಾರಕ್ಕೆ ಬಿರುಕು ಬಿಟ್ಟಿತು. ಆವತ್ತಿನಿಂದ ಮುಂದಿನ 21 ಇಂಚಿನದ್ದು, ಹಿಂದಿನ 18 ಇಂಚಿನದ್ದು, ಎರಡೂ ಟ್ಯೂಬ್ ಬಾಕ್ಸಿನಲ್ಲಿ ಇರುತ್ತವೆ.

ಖರ್ಚಿನ ಮಾತು. ಸರ್ವಿಸಿಗೆ ವರ್ಷಕ್ಕೆ 14, 15 ಸಾವಿರ ತೆಗೆದಿಡುತ್ತೇನೆ. ಆಯಿಲ್ ಫಿಲ್ಟರ್ ಎರಡು ಇವೆ, ಎಂಜಿನ್ನಿಗೆ ಒಂದು, ಡಿಸಿಟಿ ಕ್ಲಚ್ಚಿಗೆ ಇನ್ನೊಂದು. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಎರಡನೆಯದನ್ನು ಯಾವಾಗ ಬದಲಿಸಿದ್ದು ಅಂತ ಕೇಳಿ, ಬಿಲ್ ನೋಡಿ. ಟೈರು ಜೋಡಿಗೆ 30 ಸಾವಿರದ ಹತ್ತಿರ ಆಗುತ್ತದೆ. ನಾಲ್ಕು ವರ್ಷದಲ್ಲಿ ಗೇರ್‌ಬಾಕ್ಸಿಗೆ ಅಂತ ಒಂದು ರೂಪಾಯಿ ಬೇರೆ ಖರ್ಚಾಗಿಲ್ಲ.

ಒಬ್ಬರೇ ಓಡಿಸುವವರು, ಊರೊಳಗೇ ಸುತ್ತುವವರು ಇಷ್ಟು ದುಡ್ಡು ಹಾಕಬೇಡಿ. ಭಾರವೂ ಜಾಸ್ತಿ, ಎತ್ತರವೂ ಜಾಸ್ತಿ. ಮನೆಯವರನ್ನು ಕೂರಿಸಿಕೊಂಡು ಘಾಟಿ ಹತ್ತುವವರಾದರೆ ಟೆಸ್ಟ್ ರೈಡಿಗೆ ಅವರನ್ನೂ ಕರೆದುಕೊಂಡು ಹೋಗಿ. ವಾಪಸ್ ಬಂದ ಮೇಲೆ ಮೊದಲು ಅವರನ್ನು ಕೇಳಿ.

ಈ ಸಲದ ಎಳ್ಳಮಾವಾಸ್ಯೆಗೆ ಮೊದಲು ಹಿಂದಿನ ಟೈರ್ ಬದಲಿಸಬೇಕು, ನಡುವಿನ ಗೆರೆಗಳು ಸವೆದಿವೆ. ‘ಶುಕ್ರವಾರವೇ ಹಾಕಿಸಿ, ಶನಿವಾರ ಮತ್ತೆ ನಿಮ್ಮ ಚೈನಿನ ಕೆಲಸ ಇರ್ತದೆ’ ಅಂತ ಹೆಂಡತಿ ಅಂದಿದ್ದಾಳೆ. ಶುಕ್ರವಾರ ಹೋಗುತ್ತೇನೆ. ಟ್ಯೂಬನ್ನು ಈ ಸಲ ತಯಾರಾದ ತಿಂಗಳು ನೋಡಿಯೇ ತೆಗೆದುಕೊಳ್ಳುವುದು.