ಹೊಸ ರ‍್ಯಾಪರ್‌ಗೆ ಯಾವುದು ಒಳ್ಳೆಯದು: ಫೆಸ್ಟಿವಲ್ಲೋ, ಕಾನ್ಫರೆನ್ಸೋ?

ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕು ಅಂತಾದರೆ ಹಿಪ್-ಹಾಪ್ ಫೆಸ್ಟಿವಲ್‌ಗೆ ಅರ್ಜಿ ಹಾಕಬೇಕಾ, ಸಂಗೀತ ಉದ್ಯಮದವರು ಸೇರುವ ಕಾನ್ಫರೆನ್ಸ್‌ನ ಪಾಸ್ ತಗೋಬೇಕಾ? ಎರಡನ್ನೂ ನೋಡಿದ ಮೇಲೆ ನನ್ನ ಓಟು ಕಾನ್ಫರೆನ್ಸ್‌ಗೆ.

ಫೆಸ್ಟಿವಲ್‌ನಲ್ಲಿ ಹೊಸಬರಿಗೆ ಸಿಗುವುದು ಚಿಕ್ಕ ಸ್ಟೇಜು, ಮಧ್ಯಾಹ್ನದ ಹೊತ್ತು, 15 ನಿಮಿಷ. ಸೌಂಡ್‌ಚೆಕ್‌ಗೆ ಪುರುಸೊತ್ತೇ ಇರುವುದಿಲ್ಲ. ಒಂದು ಕಡೆ ಮಾನಿಟರ್‌ನಲ್ಲಿ (ಹಾಡುವವರ ಕಡೆಗೆ ತಿರುಗಿಸಿದ ಸ್ಪೀಕರ್) ನನಗೆ ಬೀಟ್, ಅಂದರೆ ಹಿನ್ನೆಲೆ ಸಂಗೀತ, ಕೇಳಿಸಲೇ ಇಲ್ಲ. ಮುಂದೆ ನಿಂತು ತಲೆಯಾಡಿಸುತ್ತಿದ್ದ ಹುಡುಗಿಯನ್ನೇ ನೋಡಿಕೊಂಡು ತಾಳ ಹಿಡಿದೆ. ಆದರೂ ನಮ್ಮ ಹೆಸರೇ ಗೊತ್ತಿಲ್ಲದವರು ಹುಕ್, ಅಂದರೆ ಮತ್ತೆ ಮತ್ತೆ ಬರುವ ಸಾಲು, ಎರಡನೇ ಸಲ ಬಂದಾಗ ದನಿಗೂಡಿಸಿದರೆ ಹಾಡಿನಲ್ಲಿ ಸತ್ವ ಇದೆ ಅಂತಲೇ ಲೆಕ್ಕ. ಅದನ್ನು ಯಾವ ಕೋಣೆಯಲ್ಲೂ ಪರೀಕ್ಷೆ ಮಾಡಲು ಆಗಲ್ಲ. ಒಳ್ಳೆಯ ವಿಡಿಯೋ ಸಿಕ್ಕರೆ ಮುಂದಿನ ಬುಕಿಂಗ್ ಕೇಳಲೂ ಆಗುತ್ತದೆ.

ಆದರೆ "ಇಷ್ಟು ಟಿಕೆಟ್ ನೀನೇ ಮಾರಿಕೊಡು, ಆಮೇಲೆ ಸ್ಲಾಟ್" ಎನ್ನುವವರೂ ಇದ್ದಾರೆ. ನನಗೂ ಒಬ್ಬ ಆಯೋಜಕರು ಹಾಗೆ ಹೇಳಿದ್ದರು. ಅಂಥ ಕಡೆ ದಯವಿಟ್ಟು ಹೋಗಬೇಡಿ.

ಇಬ್ಬರು ಎದುರುಬದುರು ನಿಂತು ರ‍್ಯಾಪ್‌ನಲ್ಲೇ ಪೈಪೋಟಿ ಮಾಡುವ ಬ್ಯಾಟಲ್‌ಗಳ ಮಾತೇ ಬೇರೆ. ಅಲ್ಲಿ ಸೋತರೂ ಹೆಸರು ಉಳಿಯಬಹುದು. ಅಮೆರಿಕದ ಸಿನ್ಸಿನಾಟಿಯ ಸ್ಕ್ರಿಬಲ್ ಜ್ಯಾಮ್ ಎಂಬ ಹಿಪ್-ಹಾಪ್ ಫೆಸ್ಟಿವಲ್‌ನ ಬ್ಯಾಟಲ್‌ನಲ್ಲಿ 1997ರಲ್ಲಿ, ಮುಂದೆ ದೊಡ್ಡ ಹೆಸರು ಮಾಡಿದ ಎಮಿನೆಮ್, ಎಂಸಿ ಜ್ಯೂಸ್ ಎಂಬ ರ‍್ಯಾಪರ್ ಎದುರು ಸೋತಿದ್ದರು. ಆಗ ಅವರಿನ್ನೂ ಹೊಸಬರು.

ಇನ್ನು ಕಾನ್ಫರೆನ್ಸ್. ಪ್ಯಾನೆಲ್ ಚರ್ಚೆಗಳನ್ನು ಬಿಟ್ಟರೂ ನಷ್ಟವಿಲ್ಲ; ಅವೇ ಮಾತುಗಳು ಆಮೇಲೆ ಆನ್‌ಲೈನ್‌ನಲ್ಲಿ ಸಿಗುತ್ತವೆ. ಡೆಮೊ (ಮಾದರಿ ರೆಕಾರ್ಡಿಂಗ್) ಕೇಳುವ ಸೆಷನ್ ಮಾತ್ರ ತಪ್ಪಿಸಬೇಡಿ. ನನ್ನ ಹಾಡನ್ನು ಒಬ್ಬ ಪ್ರೊಡ್ಯೂಸರ್ ಮೊದಲ ವರ್ಸ್ (ಚರಣ) ಮುಗಿಯುವ ಮುಂಚೆಯೇ ನಿಲ್ಲಿಸಿ, "ದನಿ ಬೀಟ್‌ನ ಕೆಳಗೆ ಹೂತುಹೋಗಿದೆ. ಇಂಟ್ರೋ ಅರ್ಧಕ್ಕೆ ಇಳಿಸು" ಎಂದರು. ಸ್ನೇಹಿತರು ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ.

ಅದಕ್ಕಿಂತ ಜಾಸ್ತಿ ಉಪಯೋಗವಾದದ್ದು ಸ್ಪ್ಲಿಟ್ ಶೀಟ್ ಪಾಠ. ಸಾಹಿತ್ಯ ಯಾರದು, ಬೀಟ್ ಯಾರದು, ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕುವುದು, ಅಷ್ಟೇ. ಹಾಡು ಓಡಲು ಶುರುವಾದ ಮೇಲೆ ಈ ಮಾತು ಎತ್ತಿದರೆ ಜಗಳ ಗ್ಯಾರಂಟಿ. ಹಾಗಾಗಿ ಈಗ ರೆಕಾರ್ಡಿಂಗ್ ಮುಗಿದ ದಿನವೇ ಸಹಿ ಹಾಕಿಸುತ್ತೇನೆ.

ಎರಡೂ ಒಂದೇ ಕಡೆ ಸಿಗುವುದೂ ಉಂಟು. ಅಟ್ಲಾಂಟಾದಲ್ಲಿ 2005ರಲ್ಲಿ ಶುರುವಾದ ಎ3ಸಿ, ಫೆಸ್ಟಿವಲ್ ಜೊತೆಗೇ ಕಾನ್ಫರೆನ್ಸನ್ನೂ ಬೆಳೆಸಿತು. ಹಗಲು ಕಲಿತು ರಾತ್ರಿ ಹಾಡುವ ಈ ಏರ್ಪಾಡು ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸುತ್ತದೆ. ಅಂಥದ್ದು ಸಿಗದಿದ್ದರೆ, ಮಿಕ್ಸ್ ಆದ (ದನಿ, ಬೀಟ್ ಹದವಾಗಿ ಸೇರಿಸಿದ) ಎರಡು ಮೂರು ಹಾಡು ಕೈಯಲ್ಲಿಟ್ಟುಕೊಂಡು ಮೊದಲು ಕಾನ್ಫರೆನ್ಸ್‌ಗೆ ಹೋಗಿ. ಡೆಮೊ ಸೆಷನ್‌ಗೆ ಹೆಸರು ಬರೆಸುವುದು ಬೆಳಗ್ಗೆಯೇ ತುಂಬಿಹೋಗುತ್ತದೆ, ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ.