ಒಂದು ನಳಿಕೆ, ನಾಲ್ಕು ಡಬ್ಬಿ ಪೆಲೆಟ್

ನಮ್ಮದು ರಾಜಾಜಿನಗರದ ಮೂವತ್ತು–ನಲವತ್ತರ ಸೈಟು. ನಲವತ್ತು ಅಡಿ ಅಂದರೆ 12 ಮೀಟರ್ ಚಿಲ್ಲರೆ. ಹಿಂದೆ ಬಟ್ಟೆ ಒಗೆಯುವ ಕಲ್ಲಿನಿಂದ ಹಾಲ್‌ನ ಮುಂಗೋಡೆಯವರೆಗೆ ಟೇಪ್ ಹಿಡಿದು ನೋಡಿದೆ. ಸರಿಯಾಗಿ 10 ಮೀಟರ್, ಮೇಲೆ ನಾಲ್ಕು ಬೆರಳು. ಏರ್ ರೈಫಲ್ ಸ್ಪರ್ಧೆಯ ದೂರವೂ ಅದೇ 10 ಮೀಟರ್. ಮನೆ ಕಟ್ಟಿಸಿದ ಅಪ್ಪನಿಗೆ ಇದು ಗೊತ್ತಿದ್ದರೆ ಏನು ಹೇಳುತ್ತಿದ್ದರೋ.

ಮಗಳು ಸೆಕೆಂಡ್ ಪಿಯುಸಿ. ಒಂದೂವರೆ ವರ್ಷದಿಂದ ಶೂಟಿಂಗ್ ಕಲಿಯುತ್ತಿದ್ದಾಳೆ. ಅವಳ ಕೈಯಲ್ಲಿರುವುದು ಸೆಕೆಂಡ್ ಹ್ಯಾಂಡ್ ರೈಫಲ್. ಪಕ್ಕದ ಲಿವರ್ ಎಳೆದು ಸ್ಪ್ರಿಂಗ್ ಕೂರಿಸುವ ಹಳೇ ಜಾತಿಯದು. ಈಗಿನ ದೊಡ್ಡ ಸ್ಪರ್ಧೆಗಳಲ್ಲಿ ಎಲ್ಲರ ಹತ್ತಿರವೂ ಸಿಲಿಂಡರಿಗೆ ಗಾಳಿ ತುಂಬಿಸುವ ರೈಫಲ್ಲೇ ಇರುತ್ತದೆ. ಅದರ ಬೆಲೆ ಕೇಳಿದ ದಿನ ನಾನು ರಾತ್ರಿ ಊಟ ಸ್ವಲ್ಪ ಕಡಿಮೆ ಮಾಡಿದೆ. ಸದ್ಯಕ್ಕೆ ಇದೇ ಸಾಕು, ಆದರೆ ಪೆಲೆಟ್ ಒಳ್ಳೆಯದು ಹಾಕೋಣ ಅಂತ ಮಾತಾಯಿತು. ಒಳ್ಳೆಯದು ಅಂದರೆ ಯಾವುದು? ರೇಂಜಿನಲ್ಲಿ ನಾಲ್ಕು ಜನರನ್ನು ಕೇಳಿದೆ, ಐದು ಉತ್ತರ ಬಂತು.

ಹಾಗಾಗಿ ನಾನೇ ನೋಡಿಬಿಡೋಣ ಅಂತ ಕೂತೆ. ನಾಲ್ಕು ಭಾನುವಾರ ಹೋಯಿತು. ಕಂಪನಿಗಳ ಹೆಸರು ಬರೆಯುತ್ತಿಲ್ಲ. ನಮ್ಮ ನಳಿಕೆಗೆ ಹಿಡಿಸಿದ್ದು ನಿಮ್ಮದಕ್ಕೆ ಹಿಡಿಸದೆ ಇರಬಹುದು. ತೂಕ, ತಲೆಯ ಅಳತೆ, ಆಕಾರ ಹೇಳುತ್ತೇನೆ. ಡಬ್ಬಿಯ ಮೇಲೆ ಅವನ್ನೇ ನೋಡಿ ಕೊಳ್ಳಬೇಕಾದದ್ದು.

ಪೆಲೆಟ್ ನೋಡದವರಿಗೆ ಎರಡು ಮಾತು. ಅದು ಸೀಸದ ಪುಟ್ಟ ಡಮರು. ಅಡ್ಡಗಲ 4.5 ಮಿಲಿಮೀಟರ್. ಮುಂದೆ ತಲೆ, ನಡುವೆ ಸೊಂಟ, ಹಿಂದೆ ಟೊಳ್ಳಾದ ತೆಳುವಾದ ಸ್ಕರ್ಟ್. ನಮ್ಮಮ್ಮ ಅದಕ್ಕೆ ಲಂಗ ಅಂತಲೇ ಹೆಸರಿಟ್ಟಿದ್ದಾರೆ. ಹಿಂದಿನಿಂದ ಗಾಳಿ ನುಗ್ಗಿದಾಗ ಲಂಗ ಅರಳಿ ನಳಿಕೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಗಾಳಿ ಸೋರುವುದಿಲ್ಲ. ತಲೆ ನಳಿಕೆಯೊಳಗಿನ ತಿರುಪು ಗೀರುಗಳ ಮೇಲೆ ಕೂತು ಪೆಲೆಟ್ ನೇರವಾಗಿ ಹೋಗುವ ಹಾಗೆ ನೋಡಿಕೊಳ್ಳುತ್ತದೆ. ಇಷ್ಟೇ ಯಂತ್ರ. ಎಡವಟ್ಟಾದರೆ ಈ ಎರಡು ಜಾಗದಲ್ಲೇ ಆಗಬೇಕು.

ಲೈಸೆನ್ಸ್ ಬೇಡವಾ ಅಂತ ಪಕ್ಕದ ಮನೆಯವರು ಕೇಳಿದರು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಮಿಲಿಮೀಟರ್ ಮೀರದ, 20 ಜೂಲ್ ಶಕ್ತಿ ದಾಟದ ಏರ್ ಗನ್ನಿಗೆ ಬೇಡ. ನಮ್ಮದು ಅದರ ಅರ್ಧವೂ ಇಲ್ಲ. ಹಾಗಾದರೆ ನಮ್ಮ ಸಂಪಿನ ಮೇಲೆ ಕೂರುವ ಪಾರಿವಾಳ ಓಡಿಸೋಕೆ ಒಂದಿನ ಕೊಡಿ ಅಂದರು. ಕೊಡಲಿಲ್ಲ.

ಕಣಕ್ಕಿಳಿಸಿದ ನಾಲ್ಕು ಡಬ್ಬಿ ಇವು. ಒಂದನೆಯದು ಚಪ್ಪಟೆ ತಲೆಯ ಮ್ಯಾಚ್ ಪೆಲೆಟ್, ಅಂದರೆ ಸ್ಪರ್ಧೆಗೆಂದೇ ಮಾಡಿದ್ದು, 0.53 ಗ್ರಾಂ. ಎರಡನೆಯದೂ ಚಪ್ಪಟೆ ತಲೆ, ಮ್ಯಾಚ್‌ದೇ, ಆದರೆ ಹಗುರ, 0.45 ಗ್ರಾಂ. ಮೂರನೆಯದು ಗುಂಡು ತಲೆಯದು, 0.547 ಗ್ರಾಂ. ನಾಲ್ಕನೆಯದು ಅಂಗಡಿಯವನು ‘ಪ್ರಾಕ್ಟೀಸಿಗೆ ಸಾಕು ಸಾರ್’ ಅಂತ ಕೊಟ್ಟ ಅಗ್ಗದ ಡಬ್ಬಿ. ಮೊದಲನೆಯದರ ಬೆಲೆ ಇದರ ಮೂರು ಪಟ್ಟಿಗಿಂತ ಜಾಸ್ತಿ. ಚೂಪು ತಲೆಯದೂ ಒಂದಿತ್ತು. ಹತ್ತು ಹೊಡೆದು ಪಕ್ಕಕ್ಕಿಟ್ಟೆ. ಮೊನೆ ಒಂದೊಂದಕ್ಕೆ ಒಂದೊಂದು ಕಡೆ ವಾಲಿತ್ತು. ಅದರ ಬಗ್ಗೆ ಇಷ್ಟು ಸಾಕು.

ಗುರಿಯ ಕಡೆ ಮರದ ಪೆಟ್ಟಿಗೆ, ಹಿಂದೆ ಕಲಾಸಿಪಾಳ್ಯದ ಗುಜರಿಯಿಂದ ತಂದ ದಪ್ಪ ಕಬ್ಬಿಣದ ಹಲಗೆ, ಮುಂದೆ ಒತ್ತಾಗಿ ತುರುಕಿದ ಹಳೇ ಬಟ್ಟೆ. ಹೊಡೆಯುವಾಗ ಅಡುಗೆಮನೆ ಬಾಗಿಲಿಗೆ ಚಿಲಕ, ಎಲ್ಲರಿಗೂ ಕನ್ನಡಕ. ಕುಕ್ಕರ್ ಕೂಗಿದರೆ ಆಟ ನಿಲ್ಲಬೇಕು ಅಂತ ಹೆಂಡತಿಯ ಶರತ್ತು. ‘ರೀ, ಮೂರು ವಿಶಿಲ್ ಆಯ್ತು’ ಅಂದ ಕೂಡಲೆ ರೈಫಲ್ ಕೆಳಗೆ.

ರೈಫಲ್ ಇಡುವುದಕ್ಕೆ ರಾಗಿ ತುಂಬಿದ ಚೀಲ. ಇಲ್ಲೇ ಮೊದಲ ಪೆಟ್ಟು ತಿಂದೆ. ಸುಮ್ನೆ ಚೀಲದ ಮೇಲೆ ಒತ್ತಿ ಕೂರಿಸಿದರೆ ಅಲುಗಾಡುವುದಿಲ್ಲ, ಗುರಿ ಚೆನ್ನಾಗಿ ಬರುತ್ತದೆ ಅಂದುಕೊಂಡಿದ್ದೆ. ಎಲ್ಲ ಗುಂಡೂ ಮೇಲೆ ಹೋದವು, ಚೆದುರಿದವು ಕೂಡ. ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್ ನಳಿಕೆ ಬಿಡುವ ಮೊದಲೇ ಪಿಸ್ಟನ್ ಮುಂದೆ ಹಾರಿ ಬಡಿಯುತ್ತದೆ. ಅಷ್ಟರಲ್ಲಿ ರೈಫಲ್ ಹಿಂದೆ ಮುಂದೆ ಒಮ್ಮೆ ಕುಣಿದಿರುತ್ತದೆ. ಆ ಕುಣಿತ ಪ್ರತಿ ಸಲ ಒಂದೇ ಥರ ಇರಬೇಕು, ಅದನ್ನು ತಡೆಯಬಾರದು. ಚೀಲದ ಮೇಲೆ ಮಗಳ ಅಂಗೈ, ಅಂಗೈ ಮೇಲೆ ರೈಫಲ್, ಹಿಡಿತ ಸಡಿಲ. ಹೀಗೆ ಮಾಡಿದ ಮೇಲೆ ಲೆಕ್ಕ ಶುರುವಾಯಿತು. ಅವತ್ತಿನವರೆಗೆ ಬರೆದ ಅಂಕಿಯನ್ನೆಲ್ಲ ಹರಿದು ಹಾಕಿದೆ.

ಕ್ರಮ ಹೀಗೆ. ಡಬ್ಬಿ ಬದಲಿಸಿದಾಗ ಮೊದಲ 20 ಗುಂಡು ಲೆಕ್ಕಕ್ಕಿಲ್ಲ. ನಳಿಕೆಯಲ್ಲಿ ಹಿಂದಿನ ಸೀಸದ ಅಂಟು ಇರುತ್ತದೆ, ಹೊಸದಕ್ಕೆ ಒಗ್ಗಲಿ ಅಂತ. ಆಮೇಲೆ ಐದೈದು ಗುಂಡಿನ ಹತ್ತು ಗ್ರೂಪ್. ಒಂದೊಂದು ಗ್ರೂಪಿನಲ್ಲಿ ಅತಿ ದೂರದ ಎರಡು ತೂತಿನ ನಡುವಿನ ಅಂತರ, ನಡುವಿಂದ ನಡುವಿಗೆ. ಹತ್ತರ ಸರಾಸರಿ. ಹೊಡೆದದ್ದು ಮಗಳು. ನನ್ನ ಕೈ ಐವತ್ತು ದಾಟಿದೆ. ನಾನು ಹೊಡೆದರೆ ಪೆಲೆಟ್ ಪರೀಕ್ಷೆ ಆಗುವುದಿಲ್ಲ, ನನ್ನ ಪರೀಕ್ಷೆ ಆಗುತ್ತದೆ.

ಎಷ್ಟು ಬಂದರೆ ಒಳ್ಳೆಯದು? ಗುರಿಯ ಕಾಗದದ ಕಾರ್ಡಿನ ನಡುವೆ ಹತ್ತು ಅಂಕದ ಚುಕ್ಕೆ, ಅಡ್ಡಗಲ ಬರೀ ಅರ್ಧ ಮಿಲಿಮೀಟರ್. ಪೆಲೆಟ್ ತೂತಿನ ಅಂಚು ಆ ಚುಕ್ಕೆಗೆ ತಾಗಿದರೂ ಹತ್ತು. ಲೆಕ್ಕ ಹಾಕಿದರೆ ತೂತಿನ ನಡು, ಕಾರ್ಡಿನ ನಡುವಿನಿಂದ ಎರಡೂವರೆ ಮಿಲಿಮೀಟರ್ ಒಳಗಿದ್ದರೆ ಸಾಕು. ಅಂದರೆ 5 ಮಿಲಿಮೀಟರ್ ಗ್ರೂಪ್ ಕೊಡುವ ಪೆಲೆಟ್ ಹೆಚ್ಚುಕಡಿಮೆ ಎಲ್ಲವನ್ನೂ ಹತ್ತಕ್ಕೆ ತಂದು ಬಿಡುತ್ತದೆ, ಹೊಡೆಯುವವರು ತಪ್ಪದಿದ್ದರೆ. ಆದರೆ ಈಗ ದಶಮಾಂಶದ ಲೆಕ್ಕ. ಒಂದು ಗುಂಡಿಗೆ 10.9ರವರೆಗೆ, 60 ಗುಂಡಿಗೆ 654. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಕೊನೆಯ ಗುಂಡು 10.8. ಅಲ್ಲಿಗೆ ಹೋದಾಗ ಅರ್ಧ ಮಿಲಿಮೀಟರಿಗೂ ಬೆಲೆ ಇದೆ. ನಮ್ಮ ಹಂತದಲ್ಲಿ ಅಷ್ಟಿಲ್ಲ.

ಈಗ ಫಲಿತಾಂಶ. ಮೊದಲನೆಯ ಡಬ್ಬಿ 4.1 ಮಿಲಿಮೀಟರ್. ಹಗುರದ್ದು 4.9. ಗುಂಡು ತಲೆಯದು 4.3. ಅಗ್ಗದ್ದು 9.5.

ಅಗ್ಗದ್ದು ಸೋಲುತ್ತದೆ ಅಂತ ಗೊತ್ತಿತ್ತು. ನನಗೆ ಆಶ್ಚರ್ಯ ತಂದದ್ದು ಗುಂಡು ತಲೆ. ಮ್ಯಾಚ್ ಅಂತ ಡಬ್ಬಿ ಮೇಲೆ ಎಲ್ಲೂ ಬರೆದಿಲ್ಲ, ಆದರೂ ಮ್ಯಾಚ್ ಪೆಲೆಟ್ಟಿನ ಹೆಗಲಿಗೆ ಹೆಗಲು ಕೊಟ್ಟಿತು. ಹಾಗಾದರೆ ಅದನ್ನೇ ಯಾಕೆ ಕೊಳ್ಳಬಾರದು? ಕಾರ್ಡ್ ನೋಡಿದರೆ ಗೊತ್ತಾಗುತ್ತದೆ. ಚಪ್ಪಟೆ ತಲೆ ಕಾಗದವನ್ನು ಪಂಚಿಂಗ್ ಮೆಶಿನ್ ಥರ ದುಂಡಗೆ ಕತ್ತರಿಸುತ್ತದೆ. ಗುಂಡು ತಲೆ ಕಾಗದವನ್ನು ತಳ್ಳಿ ಹರಿಯುತ್ತದೆ. ತೂತು ಚಿಕ್ಕದಾಗಿ, ಅಂಚೆಲ್ಲ ಎಳೆ ಎಳೆಯಾಗಿ ಕಾಣುತ್ತದೆ. ಚುಕ್ಕೆಗೆ ತಾಗಿತೋ ಇಲ್ಲವೋ ಅಂತ ಜಗಳ. ಕಾಗದದ ಕಾರ್ಡ್ ಇರುವ ಕಡೆ ಚಪ್ಪಟೆಯೇ ಆಗಬೇಕು. ಇಪ್ಪತ್ತೈದು ಮೂವತ್ತು ಮೀಟರ್ ದೂರಕ್ಕೆ ಡಬ್ಬ ಬೀಳಿಸುವ ಆಟವಿದ್ದರೆ ನಾನು ಕಣ್ಣು ಮುಚ್ಚಿ ಗುಂಡು ತಲೆ ತಗೊಳ್ಳುತ್ತೇನೆ. ಗಾಳಿ ಸೀಳುವುದರಲ್ಲಿ ಅದೇ ಮುಂದು.

ವೇಗವನ್ನೂ ನೋಡಿದೆವು. ರೇಂಜಿನ ಒಬ್ಬರು ವೇಗ ಅಳೆಯುವ ಕ್ರೋನೋ ಒಂದು ವಾರ ಕೊಟ್ಟಿದ್ದರು. 0.53 ಗ್ರಾಮಿನದು ಸೆಕೆಂಡಿಗೆ ಸುಮಾರು 180 ಮೀಟರ್, ಹಗುರದ್ದು 195, ಗುಂಡು ತಲೆ 174. ಮೂರಕ್ಕೂ ಶಕ್ತಿ ಎಂಟೂವರೆ ಜೂಲಿನ ಆಸುಪಾಸು. ರೈಫಲ್ ಕೊಡುವುದು ಅಷ್ಟೇ. ಭಾರ ಹಾಕಿದರೆ ನಿಧಾನ, ಹಗುರ ಹಾಕಿದರೆ ಜೋರು. ಅಂಗಡಿಯಲ್ಲಿ ‘ಇದು ತುಂಬಾ ಫಾಸ್ಟ್ ಸಾರ್’ ಅಂತ ಹೇಳಿದರೆ ಹಗುರ ಇದೆ ಅಂತ ತಿಳಿದುಕೊಳ್ಳಿ. ನೋಡಬೇಕಾದದ್ದು ವೇಗವನ್ನಲ್ಲ, ಗುಂಡಿನಿಂದ ಗುಂಡಿಗೆ ವೇಗ ಎಷ್ಟು ಏರುಪೇರಾಗುತ್ತದೆ ಅನ್ನೋದನ್ನ. ಮೊದಲ ಡಬ್ಬಿಯಲ್ಲಿ ಎಲ್ಲ 178ರಿಂದ 182ರ ಒಳಗೆ. ಅಗ್ಗದ್ದರಲ್ಲಿ 168, ಆಮೇಲೆ 190, ಆಮೇಲೆ 175. ನಮ್ಮ ಏರಿಯಾ ಕರೆಂಟಿನ ವೋಲ್ಟೇಜ್ ಥರ.

ಯಾಕೆ ಹೀಗೆ ಅಂತ ನೋಡುವುದಕ್ಕೆ ನಗರ್ತಪೇಟೆಯಿಂದ ಚಿನ್ನದ ಕೆಲಸದವರು ಬಳಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಮಿಲಿಗ್ರಾಮಿನವರೆಗೆ ತೋರಿಸುತ್ತದೆ. ಫ್ಯಾನ್ ಆಫ್ ಮಾಡಿ, ಉಸಿರು ಬಿಗಿಹಿಡಿದು ತೂಗಬೇಕು, ಇಲ್ಲದಿದ್ದರೆ ಅಂಕಿ ಕುಣಿಯುತ್ತದೆ. ಮೊದಲ ಡಬ್ಬಿಯಲ್ಲಿ ನೂರು ತೂಗಿದೆ. ಎಲ್ಲ 0.526ರಿಂದ 0.534ರ ಒಳಗೆ. ಅಗ್ಗದ್ದರಲ್ಲಿ 0.47ರಿಂದ 0.53ರವರೆಗೆ ಹರಡಿತ್ತು. ನೂರರಲ್ಲಿ ಹನ್ನೊಂದಕ್ಕೆ ಲಂಗ ಸೊಟ್ಟ.

ಹಳಬರೊಬ್ಬರು ಇನ್ನೊಂದು ಉಪಾಯ ಹೇಳಿಕೊಟ್ಟರು, ಅದು ನನಗೆ ತಕ್ಕಡಿಗಿಂತ ಇಷ್ಟವಾಯಿತು. ಗಾಜಿನ ಟೀಪಾಯಿಯನ್ನು ಒಂದು ಕಡೆ ಪುಸ್ತಕ ಇಟ್ಟು ಸ್ವಲ್ಪ ಎತ್ತರಿಸಿ. ಪೆಲೆಟ್ ಅಡ್ಡ ಮಲಗಿಸಿ ಬಿಡಿ. ಲಂಗ ತಲೆಗಿಂತ ಅಗಲ, ಹಾಗಾಗಿ ಅದು ನೇರ ಉರುಳುವುದಿಲ್ಲ, ಕಮಾನಿನ ಹಾಗೆ ಬಾಗಿ ಹೋಗುತ್ತದೆ. ಒಂದೇ ಅಳತೆಯ ಪೆಲೆಟ್‌ಗಳೆಲ್ಲ ಒಂದೇ ದಾರಿಯಲ್ಲಿ ಹೋಗಿ ಒಂದೇ ಜಾಗದಲ್ಲಿ ಬೀಳುತ್ತವೆ. ಅಳತೆ ತಪ್ಪಿದ್ದು ದಾರಿ ತಪ್ಪುತ್ತದೆ. ಸೊಟ್ಟ ಲಂಗದ್ದು ಕುಂಟುತ್ತಾ ಟಕ್ ಟಕ್ ಅನ್ನುತ್ತಾ ಇಳಿಯುತ್ತದೆ. ಮೊದಲ ಡಬ್ಬಿಯವು ಶಾಲೆ ಮಕ್ಕಳು ಸಾಲಾಗಿ ಹೋದ ಹಾಗೆ ಹೋದವು. ಅಗ್ಗದವು ಇಂಟರ್‌ವಲ್ ಬೆಲ್ ಹೊಡೆದ ಹಾಗೆ. ಮಗಳು ಮೊಬೈಲಲ್ಲಿ ವಿಡಿಯೋ ಮಾಡಿಕೊಂಡಳು.

ತೂಗಿ, ಉರುಳಿಸಿ, ಅಗ್ಗದ್ದರಲ್ಲಿ ಒಳ್ಳೆಯದನ್ನು ಮಾತ್ರ ಆರಿಸಿ ಮತ್ತೆ ಹೊಡೆದಾಗ 9.5 ಇದ್ದದ್ದು 6.8ಕ್ಕೆ ಇಳಿಯಿತು. ಕಡಿಮೆಯೇನಲ್ಲ. ಆದರೆ ಡಬ್ಬಿಯಲ್ಲಿ ಮೂರನೇ ಒಂದು ಪಾಲು ಎಸೆದಿದ್ದೆ, ಒಂದಿಡೀ ಭಾನುವಾರ ಕಳೆದಿದ್ದೆ. ಮೊದಲ ಡಬ್ಬಿಯನ್ನು ಹಾಗೇ ಆರಿಸಿದರೆ 4.1 ಇದ್ದದ್ದು 4.0. ಅದಕ್ಕೆ ತಕ್ಕಡಿ ಬೇಡ.

ತೊಳೆಯುವ ಪಂಥದವರೂ ಇದ್ದಾರೆ. ಪಾತ್ರೆ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಹೊಡೆಯಬೇಕು ಅಂತಾರೆ. ಮಾಡಿದೆ. 4.2 ಬಂತು. ತೊಳೆಯದಿದ್ದಾಗ 4.1. ಒಂದು ಎಚ್ಚರಿಕೆ ಇದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಎಣ್ಣೆ ಜಾಸ್ತಿಯಾದರೆ ಒತ್ತಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿಕೊಂಡು, ಡೀಸೆಲ್ ಎಂಜಿನ್ ಥರ, ಢಂ ಅನ್ನುತ್ತದೆ. ನಮಗೆ ಒಂದು ಸಲ ಹಾಗಾಯಿತು. ಹೊಗೆ ಬಂತು, ಕ್ರೋನೋ 231 ತೋರಿಸಿತು, ಅಮ್ಮ ದೇವರ ಮನೆಯಿಂದ ಓಡಿ ಬಂದರು. ಅಲ್ಲಿಗೆ ತೊಳೆಯುವುದು ನಿಂತಿತು.

ನಿಜವಾಗಿ ವ್ಯತ್ಯಾಸ ಮಾಡಿದ್ದು ತಲೆಯ ಅಳತೆ. ಒಂದೇ ಕಂಪನಿ, ಅದೇ 0.53 ಗ್ರಾಂ, ಅದೇ ಆಕಾರ. ತಲೆ ಮಾತ್ರ 4.49, 4.50, 4.51 ಅಂತ ಬೇರೆ ಬೇರೆ ಡಬ್ಬಿ ಬರುತ್ತವೆ. ಮೇಲೆ ಹೇಳಿದ 4.1 ಬಂದದ್ದು 4.50ರಲ್ಲಿ. ರೇಂಜಿನಲ್ಲಿ ಇಬ್ಬರ ಹತ್ತಿರ ಬೇರೆ ಅಳತೆಯವನ್ನು ಎಪ್ಪತ್ತೆಪ್ಪತ್ತು ಬದಲಾಯಿಸಿಕೊಂಡು ತಂದೆ. 4.51ಕ್ಕೆ 4.5 ಬಂತು. 4.49ಕ್ಕೆ 5.8. ಮಿಲಿಮೀಟರಿನ ನೂರನೇ ಒಂದು ಭಾಗ ಅಷ್ಟೇ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. 4.49 ನಳಿಕೆಗೆ ಹಾಕಿದಾಗ ಜಾರಿ ಒಳಗೆ ಹೋಯಿತು. 4.50 ಹೆಬ್ಬೆರಳಿನ ಸಣ್ಣ ಒತ್ತು ಕೇಳಿತು. ಅಂದರೆ ತಪ್ಪು ಅಳತೆಯ ದುಬಾರಿ ಮ್ಯಾಚ್ ಪೆಲೆಟ್, ಸರಿ ಕೂತ ಗುಂಡು ತಲೆಗಿಂತ ಹಿಂದೆ ಬಿತ್ತು. ರೇಂಜಿನಲ್ಲಿ ನಾಲ್ಕು ಜನ ಐದು ಉತ್ತರ ಯಾಕೆ ಕೊಟ್ಟರು ಅಂತ ಆಗ ಗೊತ್ತಾಯಿತು. ಎಲ್ಲರೂ ಅವರವರ ನಳಿಕೆ ಪರವಾಗಿ ಸತ್ಯವನ್ನೇ ಹೇಳಿದ್ದರು.

ಈ ನಡುವೆ ಹೆಂಡತಿಯ ತಮ್ಮ ಬಂದ. ‘ಭಾವ, ಇಷ್ಟು ದುಡ್ಡು ಯಾಕೆ? ಸೀಸ ಕರಗಿಸಿ ನಾವೇ ಎರಕ ಹೊಯ್ದರೆ ಆಗಲ್ವಾ?’ ಅಂದ. ಅವನ ಕೊಡಗಿನ ಸ್ನೇಹಿತನ ಮನೆಯಲ್ಲಿ ಹಿರಿಯರು ಹಳೇ ಕೋವಿಗೆ ಸೀಸದ ಉಂಡೆ ಎರಕ ಹೊಯ್ಯುತ್ತಿದ್ದರಂತೆ. ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಊರು ಅದು, ಮಾತು ಸುಳ್ಳಿರಲಿಕ್ಕಿಲ್ಲ. ಸೀಸ 327 ಡಿಗ್ರಿಗೆ ಕರಗುತ್ತದೆ, ಗ್ಯಾಸ್ ಒಲೆ ಸಾಕು. ಆದರೆ ಉಂಡೆ ಬೇರೆ, ಪೆಲೆಟ್ ಬೇರೆ. ಒಳ್ಳೆಯ ಪೆಲೆಟ್ ಎರಕದ್ದಲ್ಲ. ಸೀಸದ ತಂತಿಯನ್ನು ತುಂಡು ಮಾಡಿ ಅಚ್ಚಿನಲ್ಲಿ ತಣ್ಣಗೇ ಒತ್ತಿ ಮಾಡಿದ್ದು. ಎರಕದ ಸೀಸ ಆರುವಾಗ ಕುಗ್ಗುತ್ತದೆ. ನೂರನೇ ಒಂದು ಮಿಲಿಮೀಟರಿಗೆ ನಾವು ಇಲ್ಲಿ ಒದ್ದಾಡುತ್ತಿದ್ದೇವೆ, ಕಾಗದದಷ್ಟು ತೆಳು ಲಂಗ ಮನೆಯಲ್ಲಿ ಹೇಗೆ ಬರಬೇಕು? ಜೊತೆಗೆ ಅಡುಗೆಮನೆಯಲ್ಲಿ ಸೀಸದ ಹೊಗೆ, ಬೂದಿ. ಬೇಡಪ್ಪಾ ಅಂದೆ. ಕಾಫಿ ಕುಡಿದು ಹೋದ.

ಕೊನೆಗೆ 4.50 ತಲೆಯ 0.53 ಗ್ರಾಮಿನದೇ ಐದು ಡಬ್ಬಿ ತಗೊಂಡೆವು. ಐದರ ಬ್ಯಾಚ್ ನಂಬರೂ ಒಂದೇ ಇರಬೇಕು ಅಂತ ಕೇಳಿದ್ದಕ್ಕೆ ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿದ. ಒಂದೇ ಹೆಸರಿನ ಡಬ್ಬಿಯಲ್ಲೂ ಬ್ಯಾಚಿನಿಂದ ಬ್ಯಾಚಿಗೆ ಅಳತೆ ಕೂದಲೆಳೆ ಜರುಗುತ್ತದೆ ಅಂತ ಹೇಳಿದೆ. ಒಳಗೆ ಹೋಗಿ ಹುಡುಕಿ ತಂದ. ಅಗ್ಗದ್ದರಲ್ಲಿ ಉಳಿದದ್ದು ಈಗ ನನ್ನ ಪಾಲು. ಭಾನುವಾರ ಮಗಳು ಮಲಗಿದ್ದಾಗ ಹಳೇ ಟಾನಿಕ್ ಡಬ್ಬ ಬೀಳಿಸುತ್ತೇನೆ. ಅದಕ್ಕೆ 9.5 ಮಿಲಿಮೀಟರ್ ಧಾರಾಳ.

ಹೋದ ವಾರ ಒಂದು ಡಬ್ಬಿ ಖಾಲಿಯಾಯಿತು. ತಗಡಿನ ದುಂಡನೆ ಡಬ್ಬಿ, ತಿರುಪಿನ ಮುಚ್ಚಳ, ನೋಡಲು ಚೆಂದ. ಸಂಜೆ ಅಡುಗೆಮನೆಗೆ ಹೋದರೆ ಅಮ್ಮ ಅದನ್ನು ತೊಳೆದು ಏಲಕ್ಕಿ ಹಾಕಿಟ್ಟಿದ್ದರು. ‘ಮುಚ್ಚಳ ಎಷ್ಟು ಭದ್ರ ಇದೆ ನೋಡೋ’ ಅಂದರು. ಏಲಕ್ಕಿ ಸಮೇತ ಎಸೆದೆ. ಸೀಸದ ಪುಡಿ ತೊಳೆದರೆ ಹೋಗಲ್ಲಮ್ಮ, ವಿಷ ಅದು ಅಂತ ಎಷ್ಟು ಹೇಳಿದರೂ ಎರಡು ದಿನ ಮಾತಾಡಲಿಲ್ಲ. ಏಲಕ್ಕಿ ಕಿಲೋಗೆ ಎಷ್ಟಿದೆ ಗೊತ್ತಾ ಅಂತ ಹೆಂಡತಿ ಹತ್ತಿರ ಹೇಳುತ್ತಿದ್ದರಂತೆ.