ಬ್ಯಾಟರಿ ಪಂಪಿಗೆ ಎಸ್‌ಎಸ್‌ಆರ್ ಹಾಕುವ ಮುಂಚೆ ಇದನ್ನು ಓದಿ

12 ವೋಲ್ಟ್ ಬ್ಯಾಟರಿಯಿಂದ ಪಂಪು, ಫ್ಯಾನು, ಬಲ್ಬು ಏನಾದರೂ ನಡೆಸುತ್ತಿದ್ದೀರಾ? ಅದನ್ನು ಆನ್-ಆಫ್ ಮಾಡಲು ಸಾಲಿಡ್ ಸ್ಟೇಟ್ ರಿಲೇ (ಸಣ್ಣ ಸಿಗ್ನಲ್ ಕೊಟ್ಟರೆ ಆನ್ ಆಗುವ ಎಲೆಕ್ಟ್ರಾನಿಕ್ ಸ್ವಿಚ್), ಅಂದರೆ ಎಸ್‌ಎಸ್‌ಆರ್ ಹಾಕೋಣ ಅಂತ ಇದ್ದೀರಾ? ಮೊದಲು ಅದರ ಮೈಮೇಲಿನ ಅಕ್ಷರ ನೋಡಿ. ‘ಡಿಎ’ (DA, ಅಂದರೆ ಸಿಗ್ನಲ್ ಡಿಸಿ, ನಡೆಸುವುದು ಎಸಿ) ಅಂತ ಇದ್ದರೆ ದಯವಿಟ್ಟು ಹಾಕಬೇಡಿ. ನಾನು ಹಾಕಿದ್ದೆ. ಒಂದು ಬ್ಯಾಟರಿ ಹೋಯಿತು. ಎರಡು ತಿಂಗಳು ಸಾಕಿದ ಟೊಮೆಟೊ ಗಿಡಗಳೂ ಹೋದವು.

ನಮ್ಮ ತಾರಸಿಯಲ್ಲಿ ಇಪ್ಪತ್ತು ಚಿಲ್ಲರೆ ಕುಂಡಗಳಿವೆ. ಒಂದು 200 ಲೀಟರ್ ಡ್ರಮ್ಮು, ಒಂದು ಸಣ್ಣ 12 ವೋಲ್ಟ್ ಪಂಪು, ಯುಪಿಎಸ್‌ನಲ್ಲಿ ಇರುತ್ತದಲ್ಲ ಅಂಥ 7 ಆಂಪಿಯರ್-ಅವರ್ ಬ್ಯಾಟರಿ. ಬೆಳಿಗ್ಗೆ ಮೂರು ನಿಮಿಷ, ಸಂಜೆ ಮೂರು ನಿಮಿಷ ನೀರು ಬಿಡಬೇಕು, ಅಷ್ಟೇ. ಸಮಯದ ಲೆಕ್ಕ ನೋಡಿಕೊಳ್ಳಲು ಇಎಸ್‌ಪಿ32 ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್. ಪಂಪು ಎಳೆಯುವುದು ಹೆಚ್ಚೆಂದರೆ 3 ಆಂಪಿಯರ್.

ಪಂಪನ್ನು ಆನ್-ಆಫ್ ಮಾಡಲು ಮೊದಲು ಐಆರ್‌ಎಫ್520 ಮಾಸ್‌ಫೆಟ್ (ಸ್ವಿಚ್ಚಿನ ಹಾಗೆ ಬಳಸುವ ಒಂದು ಟ್ರಾನ್ಸಿಸ್ಟರ್) ಇರುವ ಮಾಡ್ಯೂಲ್ ತಂದಿದ್ದೆ. ಪಂಪು ತಿರುಗಿತು, ಆದರೆ ಜೀವ ಇಲ್ಲದ ಹಾಗೆ. ಮಾಸ್‌ಫೆಟ್ ಮುಟ್ಟಿದರೆ ಬೆರಳು ಸುಡುತ್ತಿತ್ತು. ಮೀಟರ್ ಇಟ್ಟು ನೋಡಿದರೆ 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 4 ವೋಲ್ಟ್ ಅದರಲ್ಲೇ ಕಳೆದುಹೋಗುತ್ತಿತ್ತು. ಕಾರಣ ಅದರ ಡೇಟಾಶೀಟಿನಲ್ಲೇ, ಅಂದರೆ ತಯಾರಕರು ಕೊಡುವ ವಿವರದ ಹಾಳೆಯಲ್ಲೇ ಇದೆ. ಆ ಮಾಸ್‌ಫೆಟ್‌ನ ರೋಧ 0.27 ಓಮ್ ಅನ್ನುವ ಲೆಕ್ಕ ಗೇಟಿಗೆ, ಅಂದರೆ ಅದನ್ನು ಆನ್ ಮಾಡುವ ಪಿನ್ನಿಗೆ, 10 ವೋಲ್ಟ್ ಕೊಟ್ಟಾಗ ಮಾತ್ರ. ಗೇಟ್ ತೆರೆಯಲು ಶುರುವಾಗುವುದೇ 2ರಿಂದ 4 ವೋಲ್ಟ್ ನಡುವೆ ಎಲ್ಲೋ ಒಂದು ಕಡೆ. ಇಎಸ್‌ಪಿ32 ಕೊಡುವುದು 3.3 ವೋಲ್ಟ್. ಅಂದರೆ ನಲ್ಲಿಯನ್ನು ಕಾಲು ಭಾಗ ತಿರುಗಿಸಿ, ನೀರು ಜೋರಾಗಿ ಬರಲಿ ಅಂತ ಕಾದ ಹಾಗೆ. ಪೂರ್ತಿ ತೆರೆದರೂ 3 ಆಂಪಿಯರಿಗೆ ಅದರಲ್ಲಿ ಸುಮಾರು 2.4 ವಾಟ್ ಶಾಖ ಹುಟ್ಟುತ್ತದೆ. ಆ ಪುಟ್ಟ ಬೋರ್ಡಿನಲ್ಲಿ ಹೀಟ್‌ಸಿಂಕ್ ಕೂಡ ಇಲ್ಲ. ಮಾಸ್‌ಫೆಟ್ ಕೊಳ್ಳುವಾಗ 2.5 ಅಥವಾ ಹೆಚ್ಚೆಂದರೆ 3.3 ವೋಲ್ಟ್ ಗೇಟಿಗೆ ಎಷ್ಟು ಓಮ್ ಅಂತ ಡೇಟಾಶೀಟಿನಲ್ಲಿ ಬರೆದಿರುವುದನ್ನೇ ಹುಡುಕಿ. ಉದಾಹರಣೆಗೆ ಐಆರ್‌ಎಲ್‌ಎಂಎಲ್6344ಕ್ಕೆ 2.5 ವೋಲ್ಟಿನಲ್ಲೇ 0.037 ಓಮ್ ಅಂತ ಕೊಟ್ಟಿದ್ದಾರೆ. ಅದು ಅಕ್ಕಿಕಾಳಿನಷ್ಟೇ ಇರುವುದರಿಂದ ಬೆಸುಗೆ ಹಾಕಲು ಸ್ವಲ್ಪ ತಾಳ್ಮೆ ಬೇಕು.

ಇದಾದ ಮೇಲೆ ಎಸ್‌ಎಸ್‌ಆರ್-40 ಡಿಎ ತಂದೆ. ನನಗೆ ಬೇಕಿದ್ದದ್ದು 3 ಆಂಪಿಯರ್, ಇದು 40 ಆಂಪಿಯರಿನದು. ಕಂಟ್ರೋಲ್ ಕಡೆ, ಅಂದರೆ ಸಿಗ್ನಲ್ ಕೊಡುವ ಕಡೆ, 3ರಿಂದ 32 ವೋಲ್ಟ್ ಡಿಸಿ ಸಾಕು ಅಂತ ಬರೆದಿತ್ತು. ನನ್ನ 3.3 ವೋಲ್ಟಿಗೆ ಸರಿಯಾಯಿತು ಅಂದುಕೊಂಡೆ. ಲೋಡ್ ಕಡೆ, ಅಂದರೆ ಪಂಪು ಜೋಡಿಸುವ ಕಡೆ, ‘24ರಿಂದ 380 ವೋಲ್ಟ್ ಎಸಿ’ ಅಂತ ಅಷ್ಟೇ ದಪ್ಪ ಅಕ್ಷರದಲ್ಲಿ ಇತ್ತು. ಓದಿದೆ, ಆದರೆ ತಲೆಗೆ ಹೋಗಲಿಲ್ಲ. 380 ವೋಲ್ಟ್ ತಡೆಯುವುದಕ್ಕೆ 12 ವೋಲ್ಟ್ ಯಾವ ಲೆಕ್ಕ ಅಂತ ಅನ್ನಿಸಿತ್ತು.

ಪಂಪು ಜೋಡಿಸದೆ ಮೊದಲು ಕೋಡ್ ಪರೀಕ್ಷೆ ಮಾಡಿದೆ. ಎಸ್‌ಎಸ್‌ಆರ್ ಮೇಲಿನ ಕೆಂಪು ಎಲ್‌ಇಡಿ ಸರಿಯಾಗಿ ಹತ್ತುತ್ತಿತ್ತು, ಆರುತ್ತಿತ್ತು. ಆ ಎಲ್‌ಇಡಿ ಇರುವುದು ಕಂಟ್ರೋಲ್ ಕಡೆ. ಆಚೆ ಬದಿಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಅದಕ್ಕೆ ಗೊತ್ತೇ ಇರುವುದಿಲ್ಲ. ಯುಗಾದಿಗೆ ಊರಿಗೆ ಹೊರಡುವ ದಿನ ಪಂಪು ಜೋಡಿಸಿದೆ. ಟೈಮ್ ಆಯಿತು, ಪಂಪು ಗುಯ್ ಅಂದಿತು, ಎಲ್ಲ ಕುಂಡಗಳಿಗೂ ನೀರು ಬಂತು. ಬಸ್ಸಿಗೆ ತಡವಾಗುತ್ತಿತ್ತು. ಡಬ್ಬಿ ಮುಚ್ಚಿ ಹೊರಟುಬಿಟ್ಟೆ. ಇನ್ನು ಮೂರು ನಿಮಿಷ ನಿಂತಿದ್ದರೆ ಸಾಕಿತ್ತು.

ನಾಲ್ಕನೇ ದಿನ ಬಂದು ನೋಡಿದರೆ ಡ್ರಮ್ಮು ಖಾಲಿ. ಕುಂಡಗಳ ಮಣ್ಣು ಕೊಚ್ಚಿ ತಾರಸಿ ತುಂಬಾ ಹರಡಿತ್ತು. ಮೊದಲ ದಿನ ನೀರಲ್ಲಿ ಮುಳುಗಿದ ಗಿಡಗಳು ಆಮೇಲೆ ಮೂರು ದಿನ ಬಿಸಿಲಿಗೆ ಒಣಗಿದ್ದವು. ಬ್ಯಾಟರಿಯಲ್ಲಿ 3 ವೋಲ್ಟ್ ಕೂಡ ಇರಲಿಲ್ಲ. 12 ವೋಲ್ಟಿನ ಸೀಸದ ಬ್ಯಾಟರಿಯನ್ನು 10.5ಕ್ಕಿಂತ ಕೆಳಗೆ ಇಳಿಸಲೇಬಾರದು. ಹಾಗೆ ಇಳಿಸಿ ದಿನಗಟ್ಟಲೆ ಬಿಟ್ಟರೆ ಅದು ಮತ್ತೆ ಚಾರ್ಜ್ ಹಿಡಿಯುವುದೇ ಕಷ್ಟ. ನನ್ನದು ಹಿಡಿಯಲಿಲ್ಲ.

ಆ ಎಸ್‌ಎಸ್‌ಆರ್ ಕೆಟ್ಟಿರಲಿಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಅದರೊಳಗೆ ಇರುವುದು ಟ್ರಯಾಕ್ ಜಾತಿಯ ಸ್ವಿಚ್. ಒಮ್ಮೆ ಆನ್ ಆದರೆ, ಸಿಗ್ನಲ್ ತೆಗೆದರೂ ಅದು ಕೈ ಬಿಡುವುದಿಲ್ಲ. ಹರಿಯುವ ಕರೆಂಟು ಹೆಚ್ಚುಕಡಿಮೆ ಸೊನ್ನೆಗೆ ಇಳಿದಾಗ ಮಾತ್ರ ಬಿಡುತ್ತದೆ. ಮನೆಯ 50 ಹರ್ಟ್ಸ್ ಎಸಿಯಲ್ಲಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ದಾಟುತ್ತದೆ. ಹಾಗಾಗಿ ಅಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಯಾಟರಿಯ ಕರೆಂಟು ಸೊನ್ನೆಗೆ ಬರುವುದು ಯಾವಾಗ? ಬ್ಯಾಟರಿ ಸತ್ತಾಗ. ನನ್ನ ತಾರಸಿಯಲ್ಲಿ ಆದದ್ದೂ ಅದೇ.

ಎಸಿ ಬೇರೆ, ಡಿಸಿ ಬೇರೆ ಅನ್ನುವ ಈ ಮಾತು ಮಾಮೂಲಿ ರಿಲೇಗೂ ಒಂದು ಮಟ್ಟಿಗೆ ಹೊಂದುತ್ತದೆ. ಹತ್ತಾರು ರೂಪಾಯಿಗೆ ಸಿಗುವ ನೀಲಿ ರಿಲೇ ಮೇಲೆ 10 ಆಂಪಿಯರ್ 250 ವೋಲ್ಟ್ ಎಸಿ ಅಂತ ಇರುತ್ತದೆ. ಪಕ್ಕದಲ್ಲೇ ಡಿಸಿಗೆ ಬರೀ 30 ವೋಲ್ಟ್. ಕಾಂಟ್ಯಾಕ್ಟ್ ಬಿಡುವಾಗ ಹುಟ್ಟುವ ಕಿಡಿ ಎಸಿಯಲ್ಲಿ ತಾನಾಗಿ ಆರುತ್ತದೆ, ಡಿಸಿಯಲ್ಲಿ ಎಳೆದುಕೊಂಡು ಉರಿಯುತ್ತದೆ. ಅದಕ್ಕೇ ಈ ವ್ಯತ್ಯಾಸ.

ಆದರೂ ಈಗ ನಾನು ಹಾಕಿರುವುದು ಆ ನೀಲಿ ರಿಲೇನೇ. 12 ವೋಲ್ಟು, 3 ಆಂಪಿಯರ್, ದಿನಕ್ಕೆ ಎರಡು ಸಲ. ಇಷ್ಟಕ್ಕೆ ಅದು ಧಾರಾಳ. ಎಲ್‌ಇಡಿ ಬೆಳಕು ಏರಿಳಿಸಬೇಕು, ಮೋಟಾರಿನ ವೇಗ ಬದಲಿಸಬೇಕು ಅಂದರೆ ಮಾತ್ರ ಮಾಸ್‌ಫೆಟ್ ಬೇಕು. ರಿಲೇಯನ್ನು ಬೋರ್ಡಿನ ಪಿನ್ನಿಗೆ ನೇರವಾಗಿ ಕೊಡಬೇಡಿ. ಅದರ 5 ವೋಲ್ಟ್ ಕಾಯಿಲ್ ಸುಮಾರು 70 ಮಿಲಿಆಂಪಿಯರ್ ಎಳೆಯುತ್ತದೆ, ಪಿನ್ನು ಅಷ್ಟು ಕೊಡಲಾರದು. ಟ್ರಾನ್ಸಿಸ್ಟರ್ ಇರುವ ಮಾಡ್ಯೂಲೇ ತಗೊಳ್ಳಿ. ಆಫ್ ಆಗುವಾಗ ಪಂಪಿನ ಮೋಟಾರಿನಿಂದ ಚಿಮ್ಮುವ ವೋಲ್ಟೇಜ್ ತಡೆಯಲು, ಪಂಪಿನ ಎರಡು ತುದಿಗೆ ಒಂದು 1ಎನ್5408 ಡಯೋಡ್ ಹಾಕಿ, ಪಟ್ಟೆ ಇರುವ ಕಡೆ ಪ್ಲಸ್ಸಿಗೆ. ರಿಲೇ ಅಂಟಿಕೊಂಡರೂ ಬ್ಯಾಟರಿ ಉಳಿಯಲಿ ಅಂತ, 11 ವೋಲ್ಟಿಗೆ ಇಳಿದರೆ ಲೈನ್ ಕತ್ತರಿಸುವ ಕಟ್-ಆಫ್ ಬೋರ್ಡ್ ಒಂದನ್ನು ಸೇರಿಸಿದ್ದೇನೆ. ಬ್ಯಾಟರಿ ಪಕ್ಕದಲ್ಲೇ ಒಂದು 5 ಆಂಪಿಯರ್ ಕಾರ್ ಫ್ಯೂಸ್ ಕೂಡ ಇದೆ.

ಡಿಸಿಗೆ ಎಸ್‌ಎಸ್‌ಆರೇ ಬೇಕು ಅಂದರೆ ‘ಡಿಡಿ’ ಅಂತ ಬರೆದಿರುವುದು ಸಿಗುತ್ತದೆ. ನೋಡಲು ಎರಡೂ ಒಂದೇ ಥರ, ಅದೇ ಬಿಳಿ ಡಬ್ಬಿ, ಅದೇ ನಾಲ್ಕು ಸ್ಕ್ರೂ. ಕೊನೆಯ ಅಕ್ಷರ ಒಂದೇ ಬೇರೆ. ನಿಮ್ಮ ಮನೆಯಲ್ಲಿ ಈಗಾಗಲೇ ‘ಡಿಎ’ ಜೋಡಿಸಿದ್ದು, ಅದರ ಲೋಡ್ ಕಡೆ ಬ್ಯಾಟರಿ ಇದ್ದರೆ, ಇವತ್ತೇ ಒಮ್ಮೆ ಆನ್ ಮಾಡಿ, ಆಫ್ ಕೊಟ್ಟು, ಪಂಪು ನಿಲ್ಲುವವರೆಗೂ ಪಕ್ಕದಲ್ಲೇ ನಿಂತು ನೋಡಿ. ನಿಲ್ಲದಿದ್ದರೆ ವೈರ್ ಬಿಚ್ಚಿಡಿ.